ಮನೆಯ ನಾಯಿಯನ್ನು ಹೂಳುವಾಗ ಸುಣ್ಣ ಬೇಕೆ?

ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಮನೆಯ ನಾಯಿ ಸತ್ತರೆ ಅನೇಕರು ಮಾಡುವುದು ಇಷ್ಟು: ಕಾಫಿ ಗಿಡಗಳ ನಡುವೆ ಮೊಣಕಾಲುದ್ದದ ಗುಂಡಿ, ಅದಕ್ಕೆ ಒಂದು ಪುಟ್ಟಿ ಸುಣ್ಣ, ಎರಡು ಹಿಡಿ ಉಪ್ಪು, ಮೇಲೆ ಮಣ್ಣು. ಸುಣ್ಣ ಹಾಕಿದರೆ ದೇಹ ಬೇಗ ಕರಗುತ್ತದೆ ಎನ್ನುವ ನಂಬಿಕೆ ಹಳೆಯದು. ಆದರೆ ಸತ್ತ ಹಂದಿಗಳನ್ನು ಹೂತು ಯುರೋಪಿನಲ್ಲಿ ನಡೆಸಿದ ಪ್ರಯೋಗಗಳಲ್ಲಿ ಕಂಡದ್ದು ಇದಕ್ಕೆ ವಿರುದ್ಧ. ಸುಣ್ಣ ಹಾಕಿದ ದೇಹಗಳು ಹಾಕದವುಗಳಿಗಿಂತ ನಿಧಾನವಾಗಿ ಕೊಳೆತವು. ದೇಹವನ್ನು ಮಣ್ಣಾಗಿಸುವ ಕೆಲಸ ಬ್ಯಾಕ್ಟೀರಿಯಾಗಳದ್ದು. ಸುಣ್ಣದ ಕ್ಷಾರ ಅವುಗಳನ್ನೇ ತಡೆಯುತ್ತದೆ. ಉಪ್ಪು ಮಾಡುವುದೂ ಅದನ್ನೇ. ಮಾವಿನ ಮಿಡಿ ಭರಣಿಯಲ್ಲಿ ವರ್ಷಗಟ್ಟಲೆ ಕೆಡದೆ ಇರುವುದು ಯಾವುದರಿಂದಲೋ, ಆ ಗುಣವೇ ಗುಂಡಿಯಲ್ಲೂ ಕೆಲಸ ಮಾಡುತ್ತದೆ. ಸುಣ್ಣ ವಾಸನೆಯನ್ನು ತಗ್ಗಿಸುವುದು ನಿಜ. ಆ ಕೆಲಸಕ್ಕೆ ಆಳವಾದ ಮಣ್ಣು ಸಾಕು.

ಹಾಗಾಗಿ ನಾನು ಹೇಳುವುದು: ಸುಣ್ಣಕ್ಕೆ ಓಡಾಡುವ ಹೊತ್ತನ್ನು ಅಗೆಯುವುದಕ್ಕೆ ಕೊಡಿ. ದೇಹದ ಮೇಲೆ ಕನಿಷ್ಠ ಮೂರು ಅಡಿ ಮಣ್ಣು ಬೀಳಬೇಕು. ಮೇಲುಮೇಲೆ ಹೂತದ್ದನ್ನು ಕಾಡುಹಂದಿ, ನರಿ, ಬೀದಿನಾಯಿಗಳು ಒಂದೇ ರಾತ್ರಿಯಲ್ಲಿ ಎಳೆದು ಹಾಕುತ್ತವೆ. ಸಾಕಿದವರಿಗೆ ಆ ಬೆಳಗು ಸಾವಿಗಿಂತ ಕಷ್ಟ. ಮಣ್ಣು ಮುಚ್ಚಿದ ಮೇಲೆ ಚಪ್ಪಡಿಯನ್ನೋ ದಪ್ಪ ಕಲ್ಲುಗಳನ್ನೋ ಹೇರಿ.

ಜಾಗ ಆರಿಸುವಾಗ ನೀರನ್ನು ನೋಡಬೇಕು. ಹೇಮಾವತಿ, ಯಗಚಿ, ತುಂಗಾ, ಭದ್ರಾ ಎಲ್ಲವೂ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯಲ್ಲೇ. ಇಲ್ಲಿನ ಹಳ್ಳಕ್ಕೆ ಸೇರಿದ್ದು ಕೆಳಗಿನ ಊರುಗಳ ಕುಡಿಯುವ ನೀರಿಗೂ ಸೇರುತ್ತದೆ. ಬಾವಿ, ಕೆರೆ, ಹಳ್ಳದಿಂದ ದೂರ, ದಿಬ್ಬದ ಮೇಲ್ಭಾಗದಲ್ಲಿ ಅಗೆಯಿರಿ. ಜುಲೈ, ಆಗಸ್ಟ್‌ನಲ್ಲಿ ತಗ್ಗಿನ ಗುಂಡಿಯಲ್ಲಿ ನೋಡುನೋಡುತ್ತಲೇ ಒರತೆ ಏಳುತ್ತದೆ. ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ದೇಹದ ಕೊಬ್ಬು ಮೇಣದಂಥ ವಸ್ತುವಾಗಿ ಮಾರ್ಪಟ್ಟು ವರ್ಷಗಳ ಕಾಲ ಹಾಗೇ ಉಳಿಯಬಹುದು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಹೂತರೂ ಗಾಳಿ ಆಡುವುದಿಲ್ಲ. ಹಳೆಯ ಪಂಚೆ, ಹತ್ತಿಯ ಸೀರೆ, ಗೋಣಿಚೀಲ ಇವೇ ಸರಿ.

ಇಷ್ಟಕ್ಕೆಲ್ಲ ಸಮಯವಿದೆಯೇ ಎಂದು ಜನ ಗಾಬರಿಯಾಗುತ್ತಾರೆ. ಇದೆ. ಉಸಿರು ನಿಂತ ಮೇಲೂ ಕೆಲವು ನಿಮಿಷ ಸ್ನಾಯು ಅದುರಬಹುದು, ಒಂದೆರಡು ಸಲ ಉಸಿರೆಳೆದಂತೆ ಕಾಣಬಹುದು. ಮೂತ್ರ, ಮಲ ಹೊರಬರುತ್ತವೆ, ಕಣ್ಣು ತೆರೆದೇ ಇರುತ್ತದೆ. ಇವು ನೋವಿನ ಗುರುತಲ್ಲ. ಅದುರುವುದು, ಉಸಿರೆಳೆದಂತೆ ಕಾಣುವುದು ನರ, ಸ್ನಾಯುಗಳ ಕೊನೆಯ ಪ್ರತಿಕ್ರಿಯೆ, ಉಳಿದದ್ದು ಸ್ನಾಯುಗಳ ಹಿಡಿತ ಸಡಿಲವಾದದ್ದು. (ನಾಗರಹಾವು ಕಚ್ಚಿದ ನಾಯಿ ಪೂರ್ತಿ ನಿಶ್ಚಲವಾಗಿ ಸತ್ತಂತೆ ಕಂಡರೂ ಬದುಕಿರಬಹುದು. ಅನುಮಾನವಿದ್ದರೆ ಪಶುವೈದ್ಯರು ಎದೆಬಡಿತ ನೋಡಿ ಹೇಳುವವರೆಗೆ ಗುದ್ದಲಿ ಎತ್ತಬೇಡಿ.) ಕೆಲವು ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳಲು ತೊಡಗುತ್ತದೆ. ಬಿಗಿದ ಸ್ನಾಯು ಸಡಿಲವಾಗಲು ಎಟಿಪಿ ಎಂಬ ಶಕ್ತಿಯ ಅಣು ಬೇಕು. ಉಸಿರಾಟ ನಿಂತ ಮೇಲೆ ಅದು ಮುಗಿದುಹೋಗುತ್ತದೆ, ಸ್ನಾಯು ಬಿಗಿದಲ್ಲೇ ನಿಲ್ಲುತ್ತದೆ. ಆದ್ದರಿಂದ ಮೊದಲ ಒಂದೆರಡು ಗಂಟೆಯಲ್ಲೇ ಕಾಲು ಮಡಚಿ, ಅದು ಮಲಗುತ್ತಿದ್ದ ಹಾಗೆ ಮುದುಡಿಸಿ ಮಲಗಿಸಿ. ಒಂದೆರಡು ದಿನದಲ್ಲಿ ಸೆಡೆತ ತಾನಾಗಿ ಬಿಡುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಹೊಟ್ಟೆಯ ಭಾಗಕ್ಕೆ ಒತ್ತಾಗಿ ಇಡಿ, ಕರುಳಿನ ಬ್ಯಾಕ್ಟೀರಿಯಾಗಳು ಕೊಳೆಸುವುದನ್ನು ಶುರುಮಾಡುವುದು ಅಲ್ಲಿಂದಲೇ. ತಂಪಾದ ಕೋಣೆಯಲ್ಲಿ ಹೀಗೆ ಇಟ್ಟರೆ ದೂರದ ಊರಿನಿಂದ ಮಕ್ಕಳು ಬಂದು ನೋಡುವವರೆಗೆ ಕಾಯಬಹುದು.

ಕೈಗವಸು ಮಾತ್ರ ಬಿಡಬೇಡಿ. ದೇಹ ತಣ್ಣಗಾಗುತ್ತಿದ್ದಂತೆ ಚಿಗಟಗಳು ಅದನ್ನು ಬಿಟ್ಟು ಬಿಸಿಯಿರುವ ಇನ್ನೊಂದು ಮೈ ಹುಡುಕುತ್ತವೆ, ಉಣ್ಣೆಗಳೂ ಕಳಚಿಕೊಳ್ಳಬಹುದು. ಇಲಿಜ್ವರದ ಬ್ಯಾಕ್ಟೀರಿಯಾ ನಾಯಿಯ ಮೂತ್ರದಲ್ಲೂ ಇರಬಲ್ಲದು, ಕೈಮೇಲಿನ ಸಣ್ಣ ಗಾಯ ಅದಕ್ಕೆ ಸಾಕು. ಸಾಯುವ ಮುನ್ನ ನಾಯಿ ಜೊಲ್ಲು ಸುರಿಸುತ್ತಿದ್ದರೆ, ದನಿ ಬದಲಾಗಿದ್ದರೆ, ಕಂಡಕಂಡವರಿಗೆ ಕಚ್ಚಲು ಬರುತ್ತಿದ್ದರೆ ರೇಬಿಸ್ ಇರಬಹುದು. ಆಗ ನೀವಾಗಿಯೇ ಹೂಳದೆ ಪಶು ಆಸ್ಪತ್ರೆಗೆ ತಿಳಿಸಿ. ರೋಗ ಖಚಿತವಾಗುವುದು ಮಿದುಳಿನ ಪರೀಕ್ಷೆಯಿಂದ. ಕಚ್ಚಿಸಿಕೊಂಡವರು, ಜೊಲ್ಲು ತಾಗಿದವರು ಅದರ ಫಲಿತಾಂಶಕ್ಕೆ ಕಾಯದೆ ಗಾಯವನ್ನು ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ನಾಯಿಮರಿಗಳಿಗೆ ಬರುವ ಪಾರ್ವೊ ಎಂಬ ವೈರಸ್ ರೋಗದಿಂದ ಮರಿ ಸತ್ತಿದ್ದರೆ ಆ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ವರ್ಷದವರೆಗೂ ಉಳಿಯಬಲ್ಲದು. ನೆಲವನ್ನು ಬ್ಲೀಚಿಂಗ್ ಪೌಡರ್‌ನಿಂದ ತೊಳೆದರೂ ಲಸಿಕೆ ಪೂರ್ತಿಯಾಗದ ಹೊಸ ಮರಿಯನ್ನು ಆ ಮನೆಗೆ ತರಬೇಡಿ.

ಇಂಜೆಕ್ಷನ್ ಕೊಡಿಸಿ ಕೊನೆಗಾಣಿಸಿದ್ದರೆ ಇನ್ನೊಂದು ಎಚ್ಚರ ಬೇಕು. ಇದಕ್ಕೆ ಬಳಸುವ ಪೆಂಟೊಬಾರ್ಬಿಟಾಲ್‌ನಂಥ ಔಷಧ ದೇಹ ಕೊಳೆತರೂ ಬೇಗ ನಾಶವಾಗದು, ಆ ಮಾಂಸ ತಿಂದ ಹದ್ದು, ನಾಯಿಗಳೂ ಸತ್ತ ದಾಖಲೆಗಳಿವೆ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸತ್ತ ದನಗಳ ಮಾಂಸದ ಮೂಲಕ ನಮ್ಮ ರಣಹದ್ದುಗಳನ್ನು ಹೇಗೆ ಮುಗಿಸಿತು ಎಂಬುದನ್ನು ನೋಡಿದ ದೇಶ ನಮ್ಮದು. 2006ರಲ್ಲಿ ಆ ಔಷಧದ ಪಶು ಬಳಕೆಯನ್ನು ನಿಷೇಧಿಸುವ ಹೊತ್ತಿಗೆ ಬಹುಪಾಲು ರಣಹದ್ದುಗಳು ಹೋಗಿಯಾಗಿತ್ತು. ಇಂಜೆಕ್ಷನ್ ಪಡೆದ ದೇಹವನ್ನು ಕಾಡಂಚಿನಲ್ಲಿ ಎಸೆಯುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಸುಡುವುದೇ ಸರಿ ಎನಿಸಿದವರಿಗೆ, ಪೇಟೆಯಲ್ಲಿ ಅಂಗಳವಿಲ್ಲದೆ ಬದುಕುವವರಿಗೆ, ಬೆಂಗಳೂರಿನಲ್ಲಿ ಪ್ರಾಣಿಗಳ ಚಿತಾಗಾರಗಳಿವೆ. ಹಾಸನದಿಂದ ಸುಮಾರು 180 ಕಿಲೋಮೀಟರ್, ಚಿಕ್ಕಮಗಳೂರಿನಿಂದ 240ರ ಆಸುಪಾಸು. ಐಸ್ ಇಟ್ಟುಕೊಂಡರೆ ಹೋಗಬಹುದಾದ ದೂರವೇ. ಕುಲುಮೆಯ 800–900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರು, ಮಾಂಸ, ಕೊಬ್ಬು ಎಲ್ಲ ಆವಿಯಾಗಿ, ಅನಿಲವಾಗಿ ಹೋಗುತ್ತವೆ. ಕೈಗೆ ಬರುವ ಬೂದಿ ಬಹುತೇಕ ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟ್, ದೇಹತೂಕದ ನೂರಕ್ಕೆ ಮೂರು ನಾಲ್ಕು ಪಾಲಿನಷ್ಟು. ಇಪ್ಪತ್ತು ಕಿಲೋ ತೂಗುತ್ತಿದ್ದ ನಾಯಿಯಿಂದ ಮುಕ್ಕಾಲು ಕಿಲೋದ ಸುತ್ತಮುತ್ತ ಬೂದಿ ಸಿಗುತ್ತದೆ. ಹೊರಡುವ ಮುನ್ನ ಫೋನಿನಲ್ಲಿ ಕೇಳಲೇಬೇಕಾದದ್ದು ಇದು: ಒಂದೊಂದನ್ನೇ ಬೇರೆಯಾಗಿ ಸುಡುತ್ತಾರೋ, ಹಲವು ಪ್ರಾಣಿಗಳನ್ನು ಒಟ್ಟಿಗೆ ಸುಡುತ್ತಾರೋ? ಒಟ್ಟಿಗೆ ಸುಟ್ಟರೆ ನಿಮ್ಮದರ ಬೂದಿಯನ್ನು ಬೇರ್ಪಡಿಸಿ ಕೊಡಲು ಯಾರಿಂದಲೂ ಆಗದು. ಕೊರಳಪಟ್ಟಿಯನ್ನು ಮನೆಯಲ್ಲೇ ಬಿಚ್ಚಿಟ್ಟು ಹೋಗಿ, ಅದರ ಪ್ಲಾಸ್ಟಿಕ್, ಲೋಹ ಕುಲುಮೆಗೆ ಹೋಗಬಾರದು.