ಕನ್ನಡ ಕಂಡರೆ ಬಾಗಿಲು ಮುಚ್ಚುವ ಫೈರ್‌ವಾಲ್

ಜಾಲತಾಣವೊಂದರ ಹುಡುಕುವ ಪೆಟ್ಟಿಗೆಯಲ್ಲಿ ನೀವು ಬರೆದ ಹೆಸರು ಸರ್ವರ್ ತಲುಪಿ, ಅಲ್ಲಿ ಡೇಟಾಬೇಸಿಗೆ ಹೋಗುವ ಪ್ರಶ್ನೆಯ ಒಂದು ಭಾಗವಾಗುತ್ತದೆ. ತಂತ್ರಾಂಶ ಬರೆದವರು ಅದನ್ನು ಪರೀಕ್ಷಿಸದೆ ಹಾಗೆಯೇ ಪ್ರಶ್ನೆಗೆ ಅಂಟಿಸಿದ್ದರೆ, ಹೆಸರಿನ ಜಾಗದಲ್ಲಿ ಆಜ್ಞೆಯನ್ನೇ ಬರೆದು ಕಳಿಸಬಹುದು. ಒಂದು ಉದ್ಧರಣ ಚಿಹ್ನೆ, ಅದರ ಬೆನ್ನಿಗೆ ‘ಅಥವಾ 1=1’ ಎಂಬ ಅರ್ಥದ ನಾಲ್ಕಾರು ಅಕ್ಷರ ಸಾಕು. ಒಬ್ಬರ ವಿವರ ಕೊಡಬೇಕಿದ್ದ ಡೇಟಾಬೇಸ್ ಎಲ್ಲರ ವಿವರವನ್ನೂ ಸುರಿಯುತ್ತದೆ. ಒಂದು ಒಂದಕ್ಕೆ ಸಮ ಎನ್ನುವುದು ಎಲ್ಲರ ಮಟ್ಟಿಗೂ ನಿಜವಷ್ಟೇ! ಡೇಟಾಬೇಸಿನ ಪ್ರಶ್ನೆಗಳನ್ನು ಬರೆಯುವ ಭಾಷೆ ಎಸ್‌ಕ್ಯುಎಲ್; ಎಸ್‌ಕ್ಯುಎಲ್ ಇಂಜೆಕ್ಷನ್ ಎಂಬ ಈ ದಾಳಿಯ ಬಗೆ 1998ರಲ್ಲೇ ಬಹಿರಂಗವಾಗಿತ್ತು. ಇಂದಿಗೂ ನಿಂತಿಲ್ಲ.

ಸರ್ವರಿಗೆ ಬರುವ ಸಂಪರ್ಕಗಳನ್ನು ಕಾಯುವ ಮಾಮೂಲಿ ಫೈರ್‌ವಾಲ್ ಇದನ್ನು ತಡೆಯಲಾರದು. ಯಾವ ವಿಳಾಸದಿಂದ ಸರ್ವರಿನ ಯಾವ ಪೋರ್ಟಿಗೆ, ಅಂದರೆ ಯಾವ ಸಂಖ್ಯೆಯ ಬಾಗಿಲಿಗೆ, ಸಂಪರ್ಕ ಬಂತು ಎಂಬುದಷ್ಟೇ ಅದರ ಗಮನ. ಸುರಕ್ಷಿತ ಜಾಲತಾಣಗಳು ಬಳಸುವ 443ನೇ ಪೋರ್ಟ್ ಎಲ್ಲರಿಗೂ ತೆರೆದಿರಲೇಬೇಕು. ಓದುಗನೂ ದಾಳಿಕೋರನೂ ಬರುವುದು ಅದರಿಂದಲೇ. ಮೇಲಾಗಿ ಅಲ್ಲಿ ಹರಿಯುವುದೆಲ್ಲ ಗೂಢಲಿಪಿಯಲ್ಲಿರುತ್ತದೆ. ಹಾಗಾಗಿ ಗೂಢಲಿಪಿ ಬಿಚ್ಚಿದ ಮೇಲೆ, ತಂತ್ರಾಂಶದ ಕೈಗೆ ಸೇರುವ ಮೊದಲು, ಕೋರಿಕೆಯ ಒಳಗಿನ ಬರಹವನ್ನೇ ಓದಿ ನೋಡುವ ಇನ್ನೊಂದು ಸಾಧನ ಬೇಕಾಯಿತು. ಅದೇ ವೆಬ್ ಅಪ್ಲಿಕೇಶನ್ ಫೈರ್‌ವಾಲ್. ಇವುಗಳಲ್ಲಿ ಬಹಳ ಬಳಕೆಯಾದ ಮುಕ್ತ ತಂತ್ರಾಂಶ ಮಾಡ್‌ಸೆಕ್ಯುರಿಟಿ. ಇವಾನ್ ರಿಸ್ಟಿಚ್ 2002ರಲ್ಲಿ ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶಕ್ಕಾಗಿ ಬರೆದದ್ದು ಇದು. ಹಲವರ ಕೈ ದಾಟಿ 2024ರಲ್ಲಿ ಓವಾಸ್ಪ್ ಎಂಬ ಲಾಭರಹಿತ ಸಂಸ್ಥೆಯ ಸುಪರ್ದಿಗೆ ಬಂತು.

ಉಬುಂಟು ಅಥವಾ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಿರುವ ಸರ್ವರಿನಲ್ಲಿ ಇದನ್ನು ಸ್ಥಾಪಿಸುವುದು ಕೆಲವೇ ನಿಮಿಷಗಳ ಕೆಲಸ. ಆದರೆ ಸ್ಥಾಪಿಸಿದ ಮಾತ್ರಕ್ಕೆ ರಕ್ಷಣೆ ಸಿಕ್ಕಿತೆಂದು ನಂಬುವವರು ಬಹಳ. ಜೊತೆಯಲ್ಲಿ ಬರುವ ಮಾದರಿ ಸಂರಚನೆಯಲ್ಲಿ, ಅಂದರೆ ಸಿದ್ಧ ಹೊಂದಾಣಿಕೆಗಳ ಕಡತದಲ್ಲಿ, ಮಾಡ್‌ಸೆಕ್ಯುರಿಟಿಯ ಎಂಜಿನ್ ‘ಡಿಟೆಕ್ಷನ್ ಓನ್ಲಿ’ ಸ್ಥಿತಿಯಲ್ಲಿರುತ್ತದೆ. ಅಂದರೆ ದಾಳಿ ಕಂಡರೆ ದಾಖಲೆ ಪುಸ್ತಕದಲ್ಲಿ ಬರೆದಿಡುತ್ತದೆ, ತಡೆಯುವುದಿಲ್ಲ. ಇದು ದೋಷವಲ್ಲ, ವಿವೇಕ. ನಿಮ್ಮ ತಾಣದ ಸಹಜ ವ್ಯವಹಾರ ಹೇಗಿರುತ್ತದೆಂದು ತಿಳಿಯದೆ ತಡೆಯಲು ಹೊರಟರೆ ಮೊದಲು ಬೀದಿಪಾಲಾಗುವವರು ನಿಮ್ಮ ಓದುಗರೇ.

ಎಂಜಿನ್ನಿಗೆ ಸ್ವಂತ ಬುದ್ಧಿಯಿಲ್ಲ. ಏನು ಅನುಮಾನಾಸ್ಪದ ಎಂದು ಹೇಳಿಕೊಡುವುದು ‘ಕೋರ್ ರೂಲ್ ಸೆಟ್’ ಎಂಬ ನಿಯಮಗಳ ಕಟ್ಟು. ಒಂದು ನಿಯಮಕ್ಕೆ ಹೊಂದಿದ ಕೂಡಲೇ ಕೋರಿಕೆಯನ್ನು ತಳ್ಳಿಹಾಕದೆ ಅಂಕ ಕೊಡುತ್ತಾ ಹೋಗುವುದು ಇದರ ಕ್ರಮ. ಗಂಭೀರ ಹೊಂದಿಕೆಗೆ 5, ಎಚ್ಚರಿಕೆಯ ಮಟ್ಟದ್ದಕ್ಕೆ 3, ಸಣ್ಣ ಸಂಶಯಕ್ಕೆ 2. ಒಟ್ಟು ಅಂಕ ಮಿತಿ ಮುಟ್ಟಿದರೆ 403 ಎಂಬ ನಿರಾಕರಣೆ. ಮೊದಲೇ ಇಟ್ಟಿರುವ ಮಿತಿ 5, ಆದ್ದರಿಂದ ಒಂದು ಗಂಭೀರ ಹೊಂದಿಕೆಯೇ ಸಾಕು. ಇದರ ಜೊತೆಗೆ ‘ಪ್ಯಾರನೋಯಾ’ ಹಂತಗಳಿವೆ, 1ರಿಂದ 4ರವರೆಗೆ. ಹಂತ ಏರಿದಂತೆ ನಿಯಮಗಳು ಹೆಚ್ಚುತ್ತವೆ, ಸಂಶಯವೂ ಹೆಚ್ಚುತ್ತದೆ.

ಕನ್ನಡದಲ್ಲಿ ತಾಣ ನಡೆಸುವವರು ಇಲ್ಲಿ ನಿಂತು ನೋಡಬೇಕು. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು; ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಕ್ಷ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಕಕಾರ, ಹಲಂತ, ಷಕಾರ ಎಂಬ ಮೂರು ಸಂಕೇತ, 9 ಬೈಟ್. ಈ ಬೈಟುಗಳೆಲ್ಲವೂ 127ಕ್ಕಿಂತ ದೊಡ್ಡ ಸಂಖ್ಯೆಗಳು. ಪ್ಯಾರನೋಯಾ 3ರಲ್ಲಿ ಜಾರಿಗೆ ಬರುವ 920272ನೇ ನಿಯಮ 127ಕ್ಕಿಂತ ಕೆಳಗಿನ ಮುದ್ರಣಯೋಗ್ಯ ಚಿಹ್ನೆಗಳನ್ನು ಬಿಟ್ಟು ಉಳಿದುದನ್ನೆಲ್ಲ ಗಂಭೀರ ಎಂದೇ ಎಣಿಸುತ್ತದೆ. ಅಲ್ಲಿಗೆ 5 ಅಂಕ. ಅದೇ ಹಂತದ 942460ನೇ ನಿಯಮ, ಪದಕ್ಕೆ ಸೇರದ ನಾಲ್ಕು ಚಿಹ್ನೆ ಒತ್ತೊತ್ತಾಗಿ ಬಂದರೆ ಎಸ್‌ಕ್ಯುಎಲ್ ದಾಳಿಯಿರಬಹುದೆಂದು ಶಂಕಿಸುತ್ತದೆ. ಬೈಟ್ ಬೈಟಾಗಿ ಓದುವ ಅದಕ್ಕೆ ‘ಮರ’ ಎಂಬ ಪದ ಆರು ವಿಚಿತ್ರ ಚಿಹ್ನೆಗಳ ಸಾಲು. ನಿಯಮ ಬರೆದವರಿಗೆ ನಮ್ಮ ಮೇಲೆ ಹಗೆಯೇನಿಲ್ಲ; ಮೇಲಿನ ಹಂತಗಳಲ್ಲಿ ತಪ್ಪು ಎಚ್ಚರಿಕೆ ಹೆಚ್ಚುತ್ತದೆಂದು ಅವರೇ ಹೇಳಿದ್ದಾರೆ. ಆದರೂ ‘ಸಹಜ ಬರಹ’ ಎಂಬ ಕಲ್ಪನೆ ಇಲ್ಲಿ ಇಂಗ್ಲಿಷಿನ ಅಳತೆಯದು ಎಂಬುದು ನನ್ನನ್ನು ಬಹಳ ಕಾಡುತ್ತದೆ. ದಾಖಲೆ ಪುಸ್ತಕವನ್ನು ಓದದೆ, ಹಂತ ಹೆಚ್ಚಿದಷ್ಟೂ ಒಳ್ಳೆಯದೆಂದು 3ಕ್ಕೆ ಏರಿಸಿದ ನಿರ್ವಾಹಕ ತನ್ನ ಕನ್ನಡ ಓದುಗರನ್ನು ತಾನೇ ಹೊರಗಟ್ಟಿರುತ್ತಾನೆ.

ಇನ್ನೊಂದು ಮಿತಿ ಇದಕ್ಕಿಂತ ಸದ್ದಿಲ್ಲದ್ದು. ಮಾದರಿ ಸಂರಚನೆಯಲ್ಲಿ, ಕಡತಗಳನ್ನು ಬಿಟ್ಟು ಫಾರ್ಮ್ ಮೂಲಕ ಬರುವ ಬರಹಕ್ಕೆ 1,31,072 ಬೈಟುಗಳ ಗಡಿಯಿದೆ. ಇಂಗ್ಲಿಷ್ ಲೇಖನಕ್ಕೆ ಅದು ವಿಶಾಲವಾದ ಬಯಲು. ಸಾಮಾನ್ಯ ಫಾರ್ಮ್‌ಗಳಲ್ಲಿ ಕನ್ನಡದ ಪ್ರತಿ ಬೈಟೂ ಶೇಕಡಾ ಚಿಹ್ನೆಯೊಡನೆ ಮೂರು ಅಕ್ಷರಗಳಾಗಿ ಹಿಗ್ಗುವುದರಿಂದ ಒಂದು ಸಂಕೇತಕ್ಕೆ 9 ಬೈಟ್ ಆಗುತ್ತದೆ. ಒಂದು ‘ಕ್ಷ’ಕ್ಕೆ 27. ಸುಮಾರು 14,500 ಸಂಕೇತಗಳಿಗೇ ಗಡಿ ಮುಟ್ಟುತ್ತದೆ. ನೀಳ್ಗತೆಯೊಂದನ್ನು ಅಂಟಿಸಿ ‘ಸಲ್ಲಿಸು’ ಒತ್ತಿದವರಿಗೆ ಕಾರಣವೇ ತಿಳಿಯದ ದೋಷದ ಪುಟ ಕಾಣಿಸಬಹುದು. ಗಡಿಯನ್ನು ಏರಿಸುವುದಕ್ಕೆ ಒಂದು ಸಾಲು ತಿದ್ದಿದರೆ ಆಯಿತು, ಆದರೆ ತಿದ್ದಬೇಕೆಂದು ಗೊತ್ತಿರಬೇಕು.

ತಪ್ಪು ಎಚ್ಚರಿಕೆ ಬಂದಾಗ ಎಂಜಿನ್ನನ್ನೇ ಆರಿಸಿಬಿಡುವುದು ಸುಲಭ, ಮತ್ತು ಅದೇ ಅತಿ ಕೆಟ್ಟ ದಾರಿ. ನಿಯಮವೊಂದನ್ನು ಪೂರ್ತಿ ತೆಗೆಯುವುದೂ ಅಷ್ಟೇನೂ ಒಳ್ಳೆಯದಲ್ಲ. ಫಾರ್ಮಿನಲ್ಲಿ ಲೇಖನ ಬರೆಯುವ ಒಂದು ಪೆಟ್ಟಿಗೆಗೆ ಮಾತ್ರ ಆ ಒಂದು ನಿಯಮದಿಂದ ವಿನಾಯಿತಿ ಕೊಡಬಹುದು. ಉಳಿದೆಡೆ ಅದು ಕೆಲಸ ಮಾಡುತ್ತಲೇ ಇರುತ್ತದೆ. ಅಂಕದ ಮಿತಿಯನ್ನು ಆರಂಭದಲ್ಲಿ 10,000ದಷ್ಟು ಎತ್ತರದಲ್ಲಿಟ್ಟು, ದಾಖಲೆ ಓದಿ, ವಿನಾಯಿತಿ ಬರೆದು, ಹಂತಹಂತವಾಗಿ 5ಕ್ಕೆ ಇಳಿಸುವುದು ಅನುಭವಿಗಳ ಪದ್ಧತಿ. ಬೇಸರದ ಕೆಲಸವೇ, ಆದರೆ ರಕ್ಷಣೆ ಹುಟ್ಟುವುದು ಇಲ್ಲಿ. ಆ ದಾಖಲೆ ಪುಸ್ತಕದಲ್ಲಿ ಜನರ ಪಾಸ್‌ವರ್ಡ್‌ಗಳೂ ಸೇರಿಕೊಳ್ಳಬಹುದೆಂಬುದನ್ನು ಮರೆಯಬಾರದು. ಅವನ್ನು ಮರೆಮಾಚುವ ಸೌಲಭ್ಯವಿದೆ, ಬಳಸಲೇಬೇಕು.

ಈ ಫೈರ್‌ವಾಲ್ ಕೂಡ ಒಂದು ತಂತ್ರಾಂಶವೇ, ಅದೂ ಎಡವುತ್ತದೆ. 2019ರ ಜುಲೈ 2ರಂದು ಅಸಂಖ್ಯ ಜಾಲತಾಣಗಳ ಮುಂದೆ ನಿಂತು ಅವನ್ನು ಕಾಯುವ ಕ್ಲೌಡ್‌ಫ್ಲೇರ್ ಕಂಪನಿ ತನ್ನ ಫೈರ್‌ವಾಲಿಗೆ ಸೇರಿಸಿದ ಒಂದೇ ನಿಯಮದಲ್ಲಿ, ಪದವಿನ್ಯಾಸ ಹುಡುಕುವ ಸೂತ್ರ ಹಿಂದೆ ಮುಂದೆ ಲೆಕ್ಕವಿಲ್ಲದಷ್ಟು ಸಲ ತಡಕಾಡುವಂತಿತ್ತು. ಅದರ ಸರ್ವರುಗಳ ಸಂಸ್ಕಾರಕಗಳು (ಸಿಪಿಯು) ಜಗತ್ತಿನಾದ್ಯಂತ ಅದರಲ್ಲೇ ಮುಳುಗಿ, ಸುಮಾರು 27 ನಿಮಿಷ ಅಸಂಖ್ಯ ತಾಣಗಳು ತೆರೆಯಲಿಲ್ಲ. ಅದೇ ತಿಂಗಳು ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಮಾಹಿತಿ ಸೋರಿಕೆ ಹೊರಬಿತ್ತು: ಅಲ್ಲಿನ ಸುಮಾರು 10 ಕೋಟಿ ಜನರ, ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ. ತಪ್ಪಾಗಿ ಸಂರಚಿಸಿದ್ದ ಫೈರ್‌ವಾಲನ್ನೇ ದಾಳಿಕೋರರೊಬ್ಬರು ದೂತನನ್ನಾಗಿ ಮಾಡಿಕೊಂಡು, ಕ್ಲೌಡ್‌ನ ಒಳಗಿನ ವಿಳಾಸಕ್ಕೆ ಕೋರಿಕೆ ಕಳಿಸಿ, ಫೈರ್‌ವಾಲಿಗೆ ಕೊಟ್ಟಿದ್ದ ಅಧಿಕಾರಪತ್ರವನ್ನೇ ಪಡೆದಿದ್ದರು. ಆ ಅಧಿಕಾರಕ್ಕೆ ಗ್ರಾಹಕರ ಕಡತಗಳನ್ನು ಓದುವಷ್ಟು ವ್ಯಾಪ್ತಿಯಿತ್ತು. ಕೋರಿಕೆ ಸೋಸುವ ಸಾಧನಕ್ಕೆ ಅದು ಯಾಕೆ ಬೇಕಿತ್ತು?

ಎಲ್ಲ ಮುಗಿದು ಎಂಜಿನ್ನನ್ನು ‘ಆನ್’ ಸ್ಥಿತಿಗೆ ತಿರುಗಿಸಿದ ಮೇಲೆ ಎರಡು ಪರೀಕ್ಷೆ ಮಾಡಬೇಕು. ನಿಮ್ಮದೇ ತಾಣದ ಹುಡುಕುವ ಪೆಟ್ಟಿಗೆಯಲ್ಲಿ ಆ ಉದ್ಧರಣ ಚಿಹ್ನೆಯ ದಾಳಿಯನ್ನು ಬರೆಯಿರಿ, 403 ಬರಬೇಕು. ಆಮೇಲೆ ಒತ್ತಕ್ಷರ ತುಂಬಿದ ಉದ್ದನೆಯ ಕನ್ನಡ ಲೇಖನವೊಂದನ್ನು ಸಲ್ಲಿಸಿ. ಒಂದಕ್ಷರವೂ ಮುಕ್ಕಾಗದೆ ಅದು ಉಳಿಯಬೇಕು. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಮಾಡಿ ಎದ್ದುಹೋಗುತ್ತಾರೆ.