ಉದ್ಯಾನದ ಹಳ್ಳಕ್ಕೆ ಕಲ್ಲು ಕಟ್ಟಿಸಿದರೆ ದಂಡೆ ಕುಸಿಯುವುದು ನಿಲ್ಲುತ್ತದೆಯೇ?

ಪ್ರಶ್ನೆ: ಸಾರ್ವಜನಿಕ ಉದ್ಯಾನದೊಳಗೆ ಹರಿಯುವ ಹಳ್ಳದ ದಂಡೆ ಜೋರು ಮಳೆ ಬಂದಾಗಲೆಲ್ಲ ಕುಸಿಯುತ್ತಿದೆ. ಎರಡೂ ಬದಿಗೆ ಕಲ್ಲಿನ ಗೋಡೆ ಕಟ್ಟಿಸಿದರೆ ಸಾಕಲ್ಲವೇ?

ಉತ್ತರ: ಸಾಲದು. ಇಂಥ ಕಡೆ ದಂಡೆ ಜಾರುವುದು ಹೆಚ್ಚಾಗಿ ತಳ ಇಳಿಯುತ್ತಿರುವುದರಿಂದ. ಸುತ್ತಲೂ ಚಾವಣಿ, ರಸ್ತೆ, ಕಾಂಕ್ರೀಟು ಹೆಚ್ಚಿದಷ್ಟೂ ಮಳೆನೀರು ಇಂಗದೆ ಒಮ್ಮೆಲೇ ಹಳ್ಳಕ್ಕೆ ನುಗ್ಗಿ ತಳ ಕೊರೆಯುತ್ತದೆ. ಆಗ ದಂಡೆ ಎತ್ತರವಾಗಿ, ಕಡಿದಾಗಿ, ತನ್ನ ಭಾರಕ್ಕೇ ಕುಸಿಯುತ್ತದೆ. ಅಲ್ಲಿ ಗೋಡೆ ಎಬ್ಬಿಸಿದರೆ ನೀರು ಅದರ ಬುಡವನ್ನೂ ಕೊರೆದು, ಕೊನೆಗೆ ಗೋಡೆಯೇ ಹಳ್ಳಕ್ಕೆ ಮಗುಚುತ್ತದೆ.

ಮಳೆಯಿಲ್ಲದ ದಿನ ಹಳ್ಳದೊಳಗೆ ಕೆಳಗಿನಿಂದ ಮೇಲಕ್ಕೆ ನಡೆದು ನೋಡಿ. ತಳದಲ್ಲಿ ಮೆಟ್ಟಿಲಿನಂಥ ಇಳಿತ, ಅದರ ಬುಡದಲ್ಲಿ ಗುಂಡಿ ಕಂಡರೆ ಮೊದಲು ಅದನ್ನು ಹಿಡಿಯಬೇಕು. ಬಿಟ್ಟರೆ ಅದು ಮಳೆಯಿಂದ ಮಳೆಗೆ ಮೇಲ್ಗಡೆ ಸರಿಯುತ್ತ ಹೊಸ ದಂಡೆಗಳನ್ನು ಬೀಳಿಸುತ್ತದೆ. ಅಲ್ಲಿ ಕಲ್ಲಿನ ಇಳಿಜಾರು ಹಾಸಿ: 1 ಮೀಟರ್ ಇಳಿತಕ್ಕೆ ಸುಮಾರು 20 ಮೀಟರ್ ಉದ್ದ. ಇದಕ್ಕಿಂತ ಕಡಿದಾದರೆ ಸಣ್ಣ ಮೀನು ಮೇಲೇರುವುದು ಕಷ್ಟ. ಗುಂಡುಕಲ್ಲು ಉರುಳಿಹೋಗುತ್ತದೆ, ಮೂಲೆಗಳಿರುವ, ದೊಡ್ಡದು ಚಿಕ್ಕದು ಬೆರೆತ ಕಲ್ಲೇ ಬೇಕು. ಕೆಳಗೆ ಜಲ್ಲಿಯ ಪದರ ಹಾಕದಿದ್ದರೆ ಸಂದಿಗಳಿಂದ ಮಣ್ಣು ತೊಳೆದುಹೋಗಿ ಕಲ್ಲು ಕುಸಿಯುತ್ತದೆ. ನಡುಭಾಗ ಅಂಚಿಗಿಂತ ತಗ್ಗಾಗಿರಲಿ, ಎರಡೂ ತುದಿ ದಂಡೆಯೊಳಗೆ ಹುದುಗಿರಲಿ. ಕೆಲಸ ಕೆಡುವುದು ಬಹುಪಾಲು ಇಲ್ಲೇ: ತುದಿಯನ್ನು ಬಳಸಿ ನೀರು ಬೇರೆ ದಾರಿ ಮಾಡಿಕೊಳ್ಳುತ್ತದೆ.

ತಳ ನಿಂತ ಮೇಲೆ ದಂಡೆಯ ಸರದಿ. 1 ಮೀಟರ್ ಎತ್ತರಕ್ಕೆ 2ರಿಂದ 3 ಮೀಟರ್ ಅಗಲ ಬರುವಂತೆ ಇಳಿಜಾರು ಮಾಡಿ, ತೆಂಗಿನ ನಾರಿನ ಚಾಪೆ ಹೊದಿಸಿ, ಮೇಲಂಚನ್ನು ಅಗೆದು ಹೂಳಿ. ಚಾಪೆಯಡಿ ಪೊಳ್ಳು ಉಳಿದರೆ ನೀರು ಅಲ್ಲೇ ಹರಿದು ಮಣ್ಣು ಕದಿಯುತ್ತದೆ. ಚಾಪೆಯ ಮೂಲಕ ಲಕ್ಕಿಯಂಥ, ಕಡ್ಡಿಯಿಂದ ಚಿಗುರುವ ಸ್ಥಳೀಯ ಗಿಡದ 60ರಿಂದ 90 ಸೆಂ.ಮೀ. ತುಂಡುಗಳನ್ನು ಮೂರನೇ ಎರಡು ಭಾಗ ನೆಲದೊಳಗಿರುವಂತೆ ಊರಿ. ಕಣ್ಣುಗಳು ಮೇಲ್ಮುಖವಾಗಿರಬೇಕು, ತಲೆಕೆಳಗಾಗಿ ನೆಟ್ಟವು ಒಣಗುತ್ತವೆ.

ಕಳೆಯನ್ನು ಒಂದೇ ಸಲ ಬೋಳಿಸುವ ಉತ್ಸಾಹ ಬೇಡ. ಬೇರು ಹಿಡಿದಿದ್ದ ಮಣ್ಣು ಮುಂದಿನ ಮಳೆಗೇ ಹೋಗುತ್ತದೆ. ಪಟ್ಟಿ ಪಟ್ಟಿಯಾಗಿ ತೆಗೆದು ಆಯಾ ಜಾಗದಲ್ಲಿ ಕೂಡಲೇ ನೆಡಿ. ಹುಲ್ಲು ಕತ್ತರಿಸುವ ಯಂತ್ರ ದಂಡೆಯಂಚಿನಿಂದ ಕನಿಷ್ಠ 5 ಮೀಟರ್ ದೂರವಿರಲಿ.

ಇನ್ನೊಂದು: ವಾರದಿಂದ ಮಳೆಯಿಲ್ಲದಿದ್ದರೂ ಹಳ್ಳಕ್ಕೆ ಬೀಳುವ ಮಳೆನೀರು ಚರಂಡಿಯ ಕೊಳವೆಯಿಂದ ನೀರು ಬರುತ್ತಿದ್ದು, ವಾಸನೆಯೂ ಇದ್ದರೆ ಒಳಚರಂಡಿಯ ಕೊಳಚೆ ಅದಕ್ಕೆ ಸೇರಿರುವ ಸಾಧ್ಯತೆ ಹೆಚ್ಚು. ಗಿಡ ನೆಡುವ ಮೊದಲೇ ಅದನ್ನು ಸರಿಪಡಿಸಿ.