ವಾಚ್ ಇರ್ಲಿ ಕಾಕಾ, ರವಿವಾರಕ್ಕೊಂದು ಫೋಟೋ ಕಳ್ಸ್ರಿ

ಹೋದ ಚಳಿಗಾಲದಾಗ ಅಫಜಲಪುರ ಕಡಿಂದ ಒಬ್ರು ಕಾಕಾ ಚೆಕಪ್‌ಗೆ ಕಲಬುರಗಿಗೆ ಬಂದಿದ್ರು, ಹೃದಯದ ಕಟ್ಟಿದ ರಕ್ತನಾಳ ತೆರೆದಿಡೋ ಸ್ಟೆಂಟ್ ಹಾಕಿ 4 ತಿಂಗಳಾಗಿತ್ತು. ಪುಣೆದಾಗ ಕೆಲಸ ಮಾಡೋ ಮಗ ಅಪ್ಪಗ ಅಂತ ಸ್ಮಾರ್ಟ್‌ವಾಚ್ ತಂದು ಕೊಟ್ಟಿದ್ದ. "ನೋಡ್ರಿ ಡಾಕ್ಟ್ರೇ, ಬಿಪಿ ದಿನಾ 120-78 ತೋರಿಸ್ತದ, ಒಂದ್ ಗುಳಗಿ ಕಮ್ಮಿ ಮಾಡ್ರಿ" ಅಂದ್ರು. ಐದು ನಿಮಿಷ ಸುಮ್ಮನ ಕೂಡಿಸಿ ತೋಳಿಗೆ ಪಟ್ಟಿ ಕಟ್ಟಿ ನೋಡಿದ್ರ 162/96. ಇನ್ನೊಮ್ಮೆ ನೋಡಿದ್ರೂ 158. ಇಂಥ ಅಗ್ಗದ ವಾಚು ಬಿಪಿ ಅಳೆಯಂಗಿಲ್ರಿ, ಚರ್ಮದ ಮ್ಯಾಲ ಬೆಳಕು ಬಿಟ್ಟು ಅಂದಾಜು ಮಾಡ್ತದ ಅಷ್ಟ. ಗುಳಗಿ ಕಮ್ಮಿ ಮಾಡೋದು ದೂರ ಉಳೀತು, ಜಾಸ್ತಿ ಮಾಡ್ಬೇಕಾಯ್ತು.

ಹಂಗಂತ ಫೋನು, ಮಷೀನು ಬ್ಯಾಡ ಅನ್ನೋನು ನಾ ಅಲ್ಲ. ಚಿಂಚೋಳಿಯಿಂದಲೋ ಜೇವರ್ಗಿಯಿಂದಲೋ ಒಬ್ರು ಪೇಷಂಟ್ ಬರ್ಬೇಕಂದ್ರ ಒಂದಿನದ ಕೂಲಿ ಹೋಗ್ತದ, ಬಸ್ ಚಾರ್ಜ್ ಬ್ಯಾರೆ, ಜೊತಿಗೆ ಬರೋರ ಕೂಲಿನೂ ಹೋಗ್ತದ, ನನ್ ಮುಂದ ಕೂಡೋದು ಹತ್ತು ನಿಮಿಷ. ಡಿಸ್ಚಾರ್ಜ್ ಆದ್ಮ್ಯಾಲ ಮುಂದಿನ ಚೆಕಪ್ ತನಕಾ ಇರೋ ಆ ಮೂರು ತಿಂಗಳದಾಗೇ ತಂಬಾಕು ಮತ್ತ ಬಾಯಿಗೆ ಬರ್ತದ, "ಆರಾಮದೀನಿ" ಅಂತ ಗುಳಗಿ ನಿಲ್ತಾವ. ಆ ಟೈಮಿನಾಗ ಮನಿಗೆ ಮುಟ್ಟೋದು ಫೋನ್ ಒಂದೇ.

ಅದಕ್ಕ ದೊಡ್ಡ ಆ್ಯಪ್ ಏನೂ ಬೇಕಿಲ್ಲ. ಆಸ್ಟ್ರೇಲಿಯಾದ ಸಿಡ್ನಿಯಾಗ 710 ಹೃದಯದ ಪೇಷಂಟ್‌ಗಳ ಮ್ಯಾಲ ಒಂದು ಸ್ಟಡಿ ಮಾಡಿದ್ರು, 2015ರಾಗ ಬಂತು. ಅರ್ಧ ಮಂದಿಗೆ 6 ತಿಂಗಳು ವಾರಕ್ಕ 4 ಸಾದಾ ಎಸ್ಸೆಮ್ಮೆಸ್, ಊಟ, ನಡಿಗಿ, ಸಿಗರೇಟ್ ಬಗ್ಗೆ. ಕೊನಿಗೆ ನೋಡಿದ್ರ ಮೆಸೇಜ್ ಬಂದೋರ ಮ್ಯಾಲಿನ ಬಿಪಿ ಸರಾಸರಿ 128, ಬರದೇ ಇದ್ದೋರದು 136. ಸಿಗರೇಟ್ ಸೇದೋರು ಇವರಾಗ ನೂರಕ್ಕ 26, ಅವರಾಗ 43. ಆದ್ರ ಗುಳಗಿ ಬಿಡದಂಗ ತಗೋಳ್ಳಾಕ ಬರೇ ಮೆಸೇಜ್ ಸಾಲಂಗಿಲ್ಲ ಅಂತ ಅದೇ ದೇಶದಾಗ ಆಮ್ಯಾಲ ಮಾಡಿದ ಇನ್ನೊಂದು ದೊಡ್ಡ ಸ್ಟಡಿ ತೋರಿಸ್ತು. ಹಿಂಗಾಗಿ ನಾ ಹೇಳೋದು ಇಷ್ಟ, ಆ ಕಡಿಂದ ಓದಿ ಉತ್ತರ ಕೊಡೋ ಮನುಷ್ಯ ಇರ್ಬೇಕು.

ಕಾಕಾಗ ತೋಳಿಗೆ ಕಟ್ಟೋ ಬಿಪಿ ಮಷೀನ್ ತರಿಸಿದ್ವಿ. ಅವ್ರ ಮೊಮ್ಮಗಳು 8ನೇ ಕ್ಲಾಸು, ಪ್ರತಿ ರವಿವಾರ ಮುಂಜಾನೆ ಮಷೀನಿನ ಫೋಟೋ ವಾಟ್ಸಾಪ್ ಮಾಡ್ತಾಳ. ಮೊದಲನೇ ಫೋಟೋದಾಗ 150 ಮ್ಯಾಲ ಇತ್ತು. ಸ್ವಲ್ಪ ದೊಡ್ಡದು ಮಾಡಿ ನೋಡಿದ್ರ ಮಷೀನಿನ ಬಾಜೂ ಅರ್ಧ ಕುಡಿದ ಚಾ ಗ್ಲಾಸು, ಅದರ ಹಿಂದ ತಂಬಾಕಿನ ಚೀಟಿ, ಪಟ್ಟಿ ಕಟ್ಟಿದ್ದು ಅಂಗಿ ತೋಳಿನ ಮ್ಯಾಲ. ಒಪಿಡಿಯಾಗ "ತಂಬಾಕು ಬಿಟ್ಟೀನ್ರಿ" ಅಂದಿದ್ರು! ನಾ ಬೈಲಿಲ್ಲ, ಫೋನ್ ಮಾಡಿ ಮಾತಾಡಿದೆ. ಚಾ, ತಂಬಾಕು ಆದ ಅರ್ಧ ತಾಸು ಬಿಪಿ ನೋಡಬ್ಯಾಡ್ರಿ, ಒಂದಕ್ಕ ಹೋಗಿ ಬಂದು ಐದು ನಿಮಿಷ ಬೆನ್ನು ಆನಿಸಿ ಕೂಡ್ರಿ, ಬರಿ ತೋಳಿಗೆ ಪಟ್ಟಿ ಕಟ್ಟಿ ಕೈ ಎದಿ ಮಟ್ಟಕ್ಕ ಇಟ್ಟು ಒಂದ್ ನಿಮಿಷ ಬಿಟ್ಟು ಎರಡು ಸಲ ನೋಡ್ರಿ, ಮುಂಜಾನಿ ಗುಳಗಿಗಿಂತ ಮೊದ್ಲು. ಓದಾಕ ಬರದೋರಿಗೆ ಇದನ್ನೇ ನಮ್ ಮಾತಿನಾಗ ವಾಯ್ಸ್ ಮೆಸೇಜ್ ಮಾಡಿ ಕಳಿಸ್ತೀನಿ, ಒಂದನ್ನೇ ನಾಕ್ ಸಲ ಕೇಳ್ತಾರ.

ನಡಿಗಿ ಆ್ಯಪಿನ 10,000 ಹೆಜ್ಜಿ ಲೆಕ್ಕಕ್ಕ ತಲಿ ಕೆಡಿಸ್ಕೋಬ್ಯಾಡ್ರಿ, ಅದು 1965ರಾಗ ಜಪಾನಿನ ಹೆಜ್ಜಿ ಎಣಿಸೋ ಮಷೀನಿನ ಹೆಸರಿಂದ ಬಂದದ್ದು. ವಾರಕ್ಕ 150 ನಿಮಿಷ ನಡದ್ರ ಸಾಕು. ಮೇ ತಿಂಗಳದಾಗ ಇಲ್ಲಿ 42-43 ಡಿಗ್ರಿ ಇರ್ತದ, ಟಾರ್ಗೆಟ್ ಉಳೀತು ಅಂತ ಸಂಜಿ 4ಕ್ಕ ಹೊರಗ ಬೀಳೋದು ಅಪಾಯ. ಕಲಬುರಗಿಯ ಅಪ್ಪನ ಕೆರಿ ಸುತ್ತೋದಾದ್ರ ಹೊತ್ತು ಹುಟ್ಟೋ ಟೈಮಿಗೆ ಸುತ್ರಿ.

ಹಾರ್ಟ್ ಫೇಲ್ಯೂರ್, ಅಂದ್ರ ಹೃದಯದ ಪಂಪು ಬಲ ಕಮ್ಮಿ ಆಗಿದ್ದು, ಇದ್ದೋರಿಗೆ ಎಲ್ಲಾಕಿಂತ ಉಪಯೋಗದ್ದು ತೂಕದ ಮಷೀನ್. ಆಳಂದ ತಾಲೂಕಿನ ಒಬ್ಬ ಅವ್ವ ದಿನಾ ಮುಂಜಾನೆ ನಿಂತು ನೋಡ್ತಾರ, ಸೊಸಿ ಬರದಿಡ್ತಾಳ. ಜಾತ್ರಿ ಆದ ವಾರ ಸೊಸಿ ವಾಯ್ಸ್ ಮೆಸೇಜ್ ಮಾಡಿದ್ಲು, "ಮೂರು ದಿನದಾಗ 52 ಇದ್ದದ್ದು 54 ದಾಟ್ಯದ್ರಿ, ಕಾಲುಂಗುರ ಬಿಗೀ ಆಗ್ಯಾವ". ಹಪ್ಪಳ, ಉಪ್ಪಿನಕಾಯಿ, ಮಿರ್ಚಿ ಭಜಿ ಎಲ್ಲಾ ಆಗಿತ್ತು. ಹಿಂಗ ಮೂರು ದಿನದಾಗ 2 ಕಿಲೋ ಏರ್ತಂದ್ರ ಅದು ಕೊಬ್ಬಲ್ಲ, ಮೈಯಾಗ ನಿಂತ ನೀರು. ಅವತ್ತೇ ಕರೆಸಿ ನೋಡಿ ಮೈಯಾಗಿನ ನೀರು ಮೂತ್ರದಾಗ ಹೊರಗ ಹಾಕೋ ಗುಳಗಿ ಏರಿಸಿದ್ವಿ, ಅಡ್ಮಿಟ್ ಮಾಡೋದು ತಪ್ತು. ಎರಡು ದಿನ ತಡ ಆಗಿದ್ರ ರಾತ್ರಿ ದಮ್ಮು ಹತ್ತಿ ಓಡಿ ಬರ್ತಿದ್ರು. ಆದ್ರ ನೀವಾಗೇ ಡೋಸ್ ಏರಿಸ್ಕೋಬ್ಯಾಡ್ರಿ, ನಮ್ಮ ಬಿಸಿಲಿಗೆ ಬಿಪಿ ಬಿದ್ದು ತಲಿ ತಿರುಗ್ತದ.

ಇನ್ನೊಂದು, ಎದಿ ಒತ್ತಿ ಹಿಡಿದಂಗಾಗಿ ಬೆವರು ಬಂದ್ರ ನನಗ ವಾಟ್ಸಾಪ್ ಮಾಡ್ಕೋತ ಕೂಡಬ್ಯಾಡ್ರಿ, ನಾ ನಿದ್ದಿಯಾಗ ಇರ್ತೀನಿ. ವಾಚಿನ ಇಸಿಜಿ ನಾರ್ಮಲ್ ಅಂದ್ರೂ ನಂಬಬ್ಯಾಡ್ರಿ, ಅದು ಹಾರ್ಟ್ ಅಟ್ಯಾಕ್ ಹಿಡಿಯಂಗಿಲ್ಲ. 108ಕ್ಕ ಫೋನ್ ಹಚ್ರಿ, ಹತ್ರದ ತಾಲೂಕು ಆಸ್ಪತ್ರಿಗೆ ಹೋಗ್ರಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಾಗ ಅಲ್ಲೇ ಇಸಿಜಿ ತೆಗೆದು ಆನ್‌ಲೈನ್‌ನಾಗ ದೊಡ್ಡಾಸ್ಪತ್ರಿಗೆ ತೋರಿಸ್ತಾರ, ಬೇಕಾದ್ರ ರಕ್ತದ ಗಡ್ಡಿ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಫ್ರೀ ಕೊಡ್ತಾರ.